ಗೇಟಿನಿಂದ ಬೀದಿ ತಿರುವಿನವರೆಗೆ: ಬಡಾವಣೆ ಮತ್ತು ಆರೋಗ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಮನೆ ಪ್ಲಾನ್ ಹಾಕಿಕೊಡುವವನು. ಜನ ಬರುವುದು ಮನೆಯೊಳಗಿನ ವಿಷಯ ಕೇಳೋಕೆ. ಅಡುಗೆಮನೆ ಯಾವ ಮೂಲೆಗೆ, ಕಾರು ನಿಲ್ಲುತ್ತಾ, ವಾಸ್ತು ಸರಿ ಇದೆಯಾ. ಕಾಫಿ ಮುಗಿಯುವ ಹೊತ್ತಿಗೆ ಮಾತು ಗೇಟಿನಾಚೆ ಹೋಗಿರುತ್ತದೆ. ಚರಂಡಿ, ಸೊಳ್ಳೆ, ಅಮ್ಮ ವಾಕಿಂಗ್ ಬಿಟ್ಟದ್ದು, ಮಗು ಇಡೀ ದಿನ ಮೊಬೈಲ್ ಹಿಡಿದು ಕೂತದ್ದು. ಸೈಟಿನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಬಡಾವಣೆಗೂ ಆರೋಗ್ಯಕ್ಕೂ ಏನ್ರೀ ಸಂಬಂಧ? ಕಾಯಿಲೆ ಬಂದ್ರೆ ಡಾಕ್ಟರ್ ಹತ್ರ ಹೋಗ್ತೀವಿ ಅಷ್ಟೇ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದು ಹತ್ತೇ ದಿನದಲ್ಲಿ ಐನೂರಕ್ಕೂ ಜಾಸ್ತಿ ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಯಾರ್ಯಾರ ಮನೆಯಲ್ಲಿ ಸಾವಾಗಿದೆ ಎಂದು ಲೆಕ್ಕ ಹಾಕುತ್ತಾ ಹೋದರು. ಹೆಚ್ಚಿನವರು ಒಂದೇ ಕೈಪಂಪಿನ ನೀರು ಕುಡಿದವರು. ಪಂಪಿನ ಹಿಡಿಕೆ ತೆಗೆಸಿದರು. ಅದು ಔಷಧಿಯ ಕಥೆ ಅಲ್ಲ, ಬೀದಿಯ ಕಥೆ.

ಈಗ ನಮ್ಮ ಮನೆಗಳಲ್ಲಿ ಇರುವುದು ಬಿಪಿ, ಶುಗರ್, ಮಂಡಿ ನೋವು, ಆಸ್ತಮಾ, ಡೆಂಗಿ, ಜೊತೆಗೆ ಸುಮ್ನೆ ಒಂದು ಬೇಜಾರು. ಇದರಲ್ಲಿ ಡಾಕ್ಟರ್ ನೋಡುವುದು ತಿಂಗಳಿಗೆ ಹತ್ತು ನಿಮಿಷ. ಉಳಿದ ಹೊತ್ತು ನಾವಿರುವುದು ಮನೆಯಲ್ಲಿ, ಮನೆ ಮುಂದಿನ ಅರ್ಧ ಕಿಲೋಮೀಟರಿನಲ್ಲಿ. ಅಲ್ಲಿ ನಡೆಯೋಕೆ ಆಗುತ್ತಾ, ನೆರಳಿದೆಯಾ, ನಿಂತು ಮಾತಾಡೋಕೆ ಒಬ್ಬರಾದರೂ ಸಿಗುತ್ತಾರಾ ಎನ್ನುವುದು ದಿನಾ ಸ್ವಲ್ಪ ಸ್ವಲ್ಪವೇ ಕೆಲಸ ಮಾಡುತ್ತಿರುತ್ತದೆ.

ನಾನು ದಿನಾ ಬೆಳಿಗ್ಗೆ ಬೈಕಲ್ಲಿ ಫ್ರೀಡಂ ಪಾರ್ಕಿಗೆ ಹೋಗಿ ವಾಕ್ ಮಾಡಿ ಬರ್ತೀನಿ. ಅಷ್ಟು ಸಾಲಲ್ವಾ?

ಸಾಲುತ್ತದೆ, ದಿನಾ ಹೋದರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ಚುರುಕಾಗಿ ನಡೆದರೂ ಅದು ಲೆಕ್ಕಕ್ಕೆ ಬರುತ್ತದೆ. ತೊಂದರೆ ಏನೆಂದರೆ ಮಳೆ ಬಂತು, ನೆಂಟರು ಬಂದರು, ಬೈಕ್ ಪಂಕ್ಚರ್ ಆಯಿತು ಅಂತ ತಪ್ಪಿದ್ದು ಹಾಗೇ ತಪ್ಪಿಹೋಗುತ್ತದೆ.

ಇನ್ನೊಂದು ಲೆಕ್ಕ ನೋಡಿ. ಹಾಲಿನ ಬೂತು ಮನೆಯಿಂದ 400 ಮೀಟರ್ ಇದೆ ಅಂದುಕೊಳ್ಳಿ. ಹೋಗೋಕೆ ಐದು ನಿಮಿಷ, ಬರೋಕೆ ಐದು ನಿಮಿಷ. ಬೆಳಿಗ್ಗೆ ಹಾಲಿಗೆ, ಸಂಜೆ ತರಕಾರಿಗೆ ಅಂತ ಎರಡು ಸಲ ಹೋದರೆ ದಿನಕ್ಕೆ 20 ನಿಮಿಷ, ವಾರಕ್ಕೆ 140. ವ್ಯಾಯಾಮ ಅಂತ ಹೆಸರೇ ಇಡದೆ ಹೆಚ್ಚುಕಡಿಮೆ ಕೋಟಾ ಮುಗಿಯಿತು. ಇದಕ್ಕೆ ಮನೋಬಲ ಬೇಡ. ಹಾಲು ಬೇಕು, ದಾರಿ ನೆಟ್ಟಗಿರಬೇಕು.

ನಮ್ಮ ಏರಿಯಾ ಒಳ್ಳೇದಾ ಕೆಟ್ಟದ್ದಾ ಅಂತ ಹೇಗೆ ಗೊತ್ತಾಗುತ್ತೆ?

ನನ್ನದೊಂದು ಒರಟು ಪರೀಕ್ಷೆ ಇದೆ. ಎಂಟು ವರ್ಷದ ಮಗುವಿನ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸೋಕೆ ಧೈರ್ಯ ಬರುತ್ತಾ? ಎಪ್ಪತ್ತು ದಾಟಿದ ಅಜ್ಜಿ ಒಬ್ಬರೇ ದೇವಸ್ಥಾನಕ್ಕೆ ಹೋಗಿ ಬರುತ್ತಾರಾ? ಎರಡಕ್ಕೂ ಹೌದು ಅಂದರೆ ಉಳಿದದ್ದು ಸಾಮಾನ್ಯವಾಗಿ ಸರಿ ಇರುತ್ತದೆ.

ಅಳತೆಯೇ ಬೇಕು ಅನ್ನುವವರಿಗೆ 3-30-300 ಎಂಬ ಸೂತ್ರ ಇದೆ. ಸೆಸಿಲ್ ಕೊನಿಯ್ನೆಂಡೈಕ್ ಎಂಬ ನಗರ ಅರಣ್ಯ ತಜ್ಞರು 2021ರಲ್ಲಿ ಮುಂದಿಟ್ಟದ್ದು. ಮನೆಯಿಂದ ಕಣ್ಣಿಗೆ ಕಾಣುವಂತೆ 3 ಮರ, ಬಡಾವಣೆಯ ಶೇ. 30ರಷ್ಟು ಜಾಗಕ್ಕೆ ಮರದ ನೆರಳು, 300 ಮೀಟರ್ ಒಳಗೆ ಒಂದು ಪಾರ್ಕು. ಕಿಟಕಿಯಲ್ಲಿ ನಿಂತು ಮೊದಲನೆಯದನ್ನು ಈಗಲೇ ಎಣಿಸಬಹುದು. ಮಲೆನಾಡಿನ ಹೆಬ್ಬಾಗಿಲು ಅಂತ ಹೇಳಿಕೊಳ್ಳುವ ಊರಿನಲ್ಲಿ ಮೂರು ಸಿಗದ ಮನೆಗಳು ಎಷ್ಟೋ ಇವೆ.

## ಬೀದಿ, ಚಪ್ಪಡಿ, ಮಳೆ

ಫುಟ್‌ಪಾತ್ ಇದ್ರೂ ಜನ ರೋಡಲ್ಲೇ ನಡೀತಾರಲ್ಲ, ತಪ್ಪು ಯಾರದ್ದು?

ತಪ್ಪಿನಲ್ಲಿ ನನ್ನದೂ ಪಾಲಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ರಸ್ತೆಗೆ ಡಾಂಬರು ಹಾಕುವಾಗ ಹಳೆಯ ಪದರ ಕೆರೆದು ತೆಗೆಯದೆ ಅದರ ಮೇಲೇ ಹಾಕುತ್ತಾರೆ. ಪ್ರತಿ ಸಲ ರಸ್ತೆ ಎರಡು ಮೂರು ಇಂಚು ಏರುತ್ತದೆ. ಮಳೆನೀರು ಮನೆಗೆ ನುಗ್ಗುತ್ತದೆ ಅಂತ ಹೊಸದಾಗಿ ಕಟ್ಟುವವರು ಪಾಯವನ್ನು ರಸ್ತೆಗಿಂತ ಮೂರಡಿ ಎತ್ತರಿಸುತ್ತಾರೆ. ಈಗ ಕಾರು ಒಳಗೆ ಹತ್ತಬೇಕಲ್ಲ? ಇಳಿಜಾರು ಬೇಕು. ಕಾಂಪೌಂಡ್ ಒಳಗೆ ಜಾಗ ಬಿಡೋಕೆ ಮನಸ್ಸಿಲ್ಲ. ಹಾಗಾಗಿ ಅದು ಚರಂಡಿ ದಾಟಿ, ಫುಟ್‌ಪಾತ್ ನುಂಗಿ, ರಸ್ತೆಗೆ ಬಂದು ಕೂರುತ್ತದೆ. ಇಂಥ ಇಳಿಜಾರುಗಳನ್ನು ನಾನೇ ಎಷ್ಟೋ ಮನೆಗೆ ಹಾಕಿಕೊಟ್ಟಿದ್ದೇನೆ. ಪ್ಲಾನಿನಲ್ಲಿ ತೋರಿಸಿರಲಿಲ್ಲ. ಸೈಟಿನಲ್ಲಿ ಗಾರೆಯವರಿಗೆ ಬಾಯಲ್ಲಿ ಹೇಳಿದ್ದೆ.

ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ಅಂಚಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ಈ ಅಳತೆ ಸುಮ್ಮನೆ ಬಂದದ್ದಲ್ಲ. ಎದುರುಬದುರು ಎರಡು ಗಾಲಿಕುರ್ಚಿ ದಾಟಬೇಕು, ಮಂಡಿ ಗಟ್ಟಿ ಇಲ್ಲದವರು ಒಂದೇ ಹೆಜ್ಜೆಗೆ ಹತ್ತಬೇಕು. ನಮ್ಮಲ್ಲಿ ಹತ್ತು ಮೀಟರಿಗೊಮ್ಮೆ ಹತ್ತಿ ಇಳಿಯಬೇಕು. ಟ್ರಾನ್ಸ್‌ಫಾರ್ಮರ್ ಬಂದರೆ ರಸ್ತೆಗೇ ಇಳಿಯಬೇಕು. ಯಾರು ತಾನೇ ಮೇಲೆ ನಡೆಯುತ್ತಾರೆ?

ನಮ್ಮಮ್ಮನ ವಿಷಯ ಹೇಳುತ್ತೇನೆ. ದಿನಾ ಸಂಜೆ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು, ಒಟ್ಟು ಮುಕ್ಕಾಲು ಕಿಲೋಮೀಟರ್. ಪೈಪಿನ ಕೆಲಸಕ್ಕೆ ಚರಂಡಿ ಮೇಲಿನ ಚಪ್ಪಡಿ ಎತ್ತಿದವರು ವಾಪಸ್ ಹಾಸುವಾಗ ಒಂದನ್ನು ಸರಿಯಾಗಿ ಕೂರಿಸಲಿಲ್ಲ. ಕಾಲಿಟ್ಟರೆ ಟಕ್ ಅಂತ ಆ ಕಡೆ ಈ ಕಡೆ ಆಡುತ್ತಿತ್ತು. ಅಮ್ಮ ಬೀಳಲಿಲ್ಲ. ಒಂದು ದಿನ ಬಿದ್ದಂತಾಯಿತು, ಅಷ್ಟೇ. ಮಾರನೇ ದಿನ 'ಯಾಕೋ ಮಂಡಿ ನೋವು ಕಣೋ' ಅಂದರು. ಆಗ ಮಂಡಿ ನೋವು ಇರಲಿಲ್ಲ, ಹೆದರಿಕೆ ಇತ್ತು. ಮೂರು ತಿಂಗಳು ಮನೆಯಲ್ಲೇ ಕೂತ ಮೇಲೆ ನಿಜವಾಗಿಯೂ ಮಂಡಿ ಹಿಡಿದುಕೊಂಡಿತು. ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸು ಬರೆದಿದ್ದರು, ತೂಕ ಬರೆದಿದ್ದರು. ಚಪ್ಪಡಿ ಅಂತ ಎಲ್ಲೂ ಬರೆದಿರಲಿಲ್ಲ.

ತಳ್ಳುಗಾಡಿಯವರನ್ನ ಎಬ್ಬಿಸಿದ್ರೆ ಅರ್ಧ ಸಮಸ್ಯೆ ಹೋಗುತ್ತೆ ಅಲ್ವಾ?

ಇಲ್ಲ. ಸೊಪ್ಪು ತರಕಾರಿ ಗಾಡಿ ಮನೆ ಹತ್ತಿರ ಬಂದರೆ ಜನ ಸೊಪ್ಪು ತಿನ್ನುತ್ತಾರೆ, ಇಲ್ಲದಿದ್ದರೆ ಫ್ರಿಜ್ಜಿನಲ್ಲಿರುವುದನ್ನು ತಿನ್ನುತ್ತಾರೆ. ಗಾಡಿ ಇರುವ ಬೀದಿಯಲ್ಲಿ ಸಂಜೆ ಜನ ಇರುತ್ತಾರೆ ಕೂಡ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇವರಿಗೆ ಜಾಗ ಗುರುತಿಸಿ ಕೊಡಿ ಅಂತಲೇ ಹೇಳುತ್ತದೆ. ಜಾಗ ಗುರುತಿಸದೆ ಓಡಿಸಿದರೆ ನಾಳೆ ಇನ್ನೊಂದು ಫುಟ್‌ಪಾತ್ ಮೇಲೆ ಸಿಗುತ್ತಾರೆ. ಫುಟ್‌ಪಾತ್ ಮೇಲೆ ನಿಲ್ಲಿಸಿದ ಕಾರುಗಳನ್ನು ಯಾರೂ ಎಬ್ಬಿಸಿ ಅನ್ನುವುದಿಲ್ಲ, ಗಮನಿಸಿದ್ದೀರಾ?

ಜೂನಿಂದ ನಾಲ್ಕು ತಿಂಗಳು ಹೊರಗೆ ಕಾಲಿಡೋಕಾಗಲ್ಲ. ಮಲೆನಾಡಲ್ಲಿ ಇದೆಲ್ಲ ಆಗೋ ಮಾತಾ?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಲ್ಲಿಯ ಮಕ್ಕಳು ಶಾಲೆಗೆ ಹೋಗುವುದನ್ನು ಬಿಟ್ಟಿಲ್ಲ. ಮಳೆ ನಿಲ್ಲಿಸುವುದು ನಮ್ಮ ಕೈಲಿಲ್ಲ. ಜಾರುವುದನ್ನು, ಸಿಡಿಯುವುದನ್ನು ನಿಲ್ಲಿಸಬಹುದು.

ಹಳೇ ಪೇಟೆ ಬೀದಿಗಳಲ್ಲಿ ಹಂಚಿನ ಮಾಡು ಅಂಗಡಿಯ ಮುಂದೆ ಮೂರ್ನಾಲ್ಕು ಅಡಿ ಚಾಚಿರುತ್ತದೆ. ಅದರ ಕೆಳಗೇ ಜಗಲಿ. ಕೊಡೆ ಬಿಚ್ಚದೆ ಹತ್ತು ಅಂಗಡಿ ದಾಟಬಹುದು. ಈಗಿನ ಕಟ್ಟಡದ ಮುಖ ಗಾಜು, ನೇರ ಗೋಡೆ. ಮಳೆ ಹೊಡೆದರೆ ನಿಲ್ಲೋಕೆ ಒಂದಡಿ ಮರೆ ಇಲ್ಲ. ಇನ್ನು ನೆಲ: ನುಣುಪು ಇಂಟರ್‌ಲಾಕ್ ಹಾಸಿದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಸೋಪಿನ ಹಾಗೆ ಆಗುತ್ತದೆ. ಉಳಿ ಹೊಡೆದ ಒರಟು ಕಲ್ಲು, ನೀರು ಹರಿದು ಹೋಗೋಕೆ ಸ್ವಲ್ಪ ಓಟ, ಇಷ್ಟಿದ್ದರೆ ಚಪ್ಪಲಿ ಹಿಡಿಯುತ್ತದೆ. ಹೆಚ್ಚಿನ ಬಡಾವಣೆಗಳ ಫುಟ್‌ಪಾತ್ ಬಿಸಿಲಿನ ಊರಿನ ಚಿತ್ರ ನೋಡಿ ಮಾಡಿದ ಹಾಗಿದೆ.

ರಸ್ತೆ ಅಗಲ ಮಾಡಿದ್ರೆ ಎಲ್ಲಾ ಸರಿಹೋಗುತ್ತಲ್ಲ?

ಮುಖ್ಯರಸ್ತೆಗೆ ಅದು ಬೇರೆ ಮಾತು. ಮನೆಗಳಿರುವ ಬೀದಿ ಅಗಲವಾದರೆ ಮೊದಲು ಏರುವುದು ವೇಗ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಾಸರಿ ವೇಗ ಶೇ. 1 ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4 ಏರುತ್ತದೆ.

ಅಪಘಾತ ಆಗದಿದ್ದರೂ ನಷ್ಟ ಇದೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ಸಂಶೋಧಕರು 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 16,000, ಮೂರನೆಯದು ಮಧ್ಯದ್ದು. ವಾಹನ ಕಡಿಮೆ ಇದ್ದ ಬೀದಿಯಲ್ಲಿ ಒಬ್ಬೊಬ್ಬರಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. ಜಾಸ್ತಿ ಇದ್ದ ಕಡೆ ಒಬ್ಬರೂ ಪೂರ್ತಿ ಇಲ್ಲ, 0.9. ಎದುರು ಮನೆಗೆ ಒಂದು ಬಟ್ಟಲು ಪಾಯಸ ಕೊಡೋಕೆ ಹತ್ತು ಬೈಕ್ ದಾಟುವ ತನಕ ಕಾಯಬೇಕು ಅಂದರೆ ಒಂದಿಷ್ಟು ದಿನಕ್ಕೆ ಪಾಯಸ ಹೋಗುವುದು ನಿಂತೇ ಹೋಗುತ್ತದೆ.

ಸದ್ದು ಇನ್ನೊಂದು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಜನವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಮ್ಮೂರ ಮುಖ್ಯರಸ್ತೆ ಬಿ.ಎಚ್. ರಸ್ತೆಗೆ ಮುಖ ಮಾಡಿದ ಮನೆಯಲ್ಲಿ ಮಲಗಿದವರಿಗೆ ಇದು ಓದಿ ನಗು ಬರಬಹುದು. ನಿದ್ದೆ ಕೆಟ್ಟರೆ ಬಿಪಿಗೆ ನೇರ ದಾರಿ.

ಹಂಪ್ ಹಾಕಿಸಿದ್ರೆ ಆಯ್ತಲ್ಲ?

ಸರಿಯಾದ ಹಂಪ್ ಆದರೆ ಆಗುತ್ತದೆ. ಅದೇ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಉದ್ದ, ಗಂಟೆಗೆ 25 ಕಿಲೋಮೀಟರಿನಲ್ಲಿ ಹೋದರೆ ಮೈ ಕುಲುಕುವುದಿಲ್ಲ. ರಾತ್ರೋರಾತ್ರಿ ಸಿಮೆಂಟ್ ಸುರಿದು ಮಾಡುವುದು ಹಂಪಲ್ಲ, ಗೋಡೆ. ಬಸುರಿಯರನ್ನು, ಬೆನ್ನುನೋವಿನವರನ್ನು ಕೇಳಿ.

## ಮರ, ಪಾರ್ಕು, ಖಾಲಿ ಸೈಟು, ಗೋಡೆ

ಮರ ಮರ ಅಂತೀರಿ. ಎಲೆ ಯಾರು ಗುಡಿಸ್ತಾರೆ? ಕೊಂಬೆ ಕಾರಿನ ಮೇಲೆ ಬಿದ್ರೆ?

ಎಲೆ ಗುಡಿಸಬೇಕು, ಅದಕ್ಕೆ ಬೇರೆ ಉತ್ತರ ಇಲ್ಲ. ಕೊಂಬೆಯ ಭಯ ನಿಜ, ಅದು ಮರ ಆರಿಸುವುದರಲ್ಲಿ ಆದ ತಪ್ಪು. ಬೇಗ ಬೆಳೆಯುತ್ತದೆ ಅಂತ ಹಾಕಿದ ಗುಲ್‌ಮೊಹರ್ ಆಷಾಢದ ಗಾಳಿಗೆ ಮುರಿಯುತ್ತದೆ. ಹೊಂಗೆ, ನೇರಳೆ ನಿಧಾನ, ಆದರೆ ಗಟ್ಟಿ. 'ಹೊಂಗೆ ನೆರಳು ತಾಯಿ ಮಡಿಲು' ಅಂತ ಹಿರಿಯರು ಹೇಳಿದ್ದು ಏಪ್ರಿಲ್ ಮಧ್ಯಾಹ್ನ ಅದರಡಿ ನಿಂತವರಿಗೆ ಗೊತ್ತಾಗುತ್ತದೆ. ಎಲೆಯಿಂದ ನೀರು ಆವಿಯಾಗಿ ಸುತ್ತಲಿನ ಗಾಳಿಯೇ ತಣ್ಣಗಾಗುತ್ತದೆ. ಕಾಂಕ್ರೀಟು ಮಾತ್ರ ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ.

ನೋಡಿದರೂ ಗುಣ ಇದೆ. ರೋಜರ್ ಉಲ್ರಿಚ್ ಎಂಬುವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ದಾಖಲೆ ನೋಡಿದರು. ಅರ್ಧ ಜನರ ಕಿಟಕಿಗೆ ಮರ ಕಾಣುತ್ತಿತ್ತು, ಅರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವಿನ ಮಾತ್ರೆಯನ್ನೂ ಕಡಿಮೆ ತೆಗೆದುಕೊಂಡರು. ಚಿಕ್ಕ ಅಧ್ಯಯನ. ಆದರೂ ಆಮೇಲೆ ಆಸ್ಪತ್ರೆ ಕಟ್ಟುವವರೆಲ್ಲ ಇದನ್ನು ಓದಿದರು.

ಒಂದು ಎಚ್ಚರಿಕೆ: ಮನೆ ಮುಂದಿನ ಮರವಾದರೂ ಸುಮ್ನೆ ಕಡಿಸುವಂತಿಲ್ಲ. ಕರ್ನಾಟಕದಲ್ಲಿ 1976ರಿಂದ ಮರ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕು.

ಪಾರ್ಕ್ ಇದೆ, ಆದ್ರೆ ಯಾವಾಗ್ಲೂ ಬೀಗ. ಒಳಗೆ 'ಆಟ ಆಡಬಾರದು' ಅಂತ ಬೋರ್ಡು. ಏನ್ ಮಾಡೋದು?

ನನಗೂ ಅತಿ ಸಿಟ್ಟು ಬರುವ ವಿಷಯ ಇದು. ಹುಲ್ಲು ಚೆನ್ನಾಗಿರಲಿ ಅಂತ ಮಕ್ಕಳನ್ನು ಹೊರಗಿಟ್ಟ ಪಾರ್ಕು ಫೋಟೋಕ್ಕೆ ಮಾತ್ರ ಸರಿ. ನಿರ್ವಹಣೆಗೆ ಜನ ಇಲ್ಲ ಅನ್ನುತ್ತಾರೆ, ನಿಜ ಇರಬಹುದು. ಕೆಲವು ಬೀದಿಗಳಲ್ಲಿ ಬೀಗದ ಕೈ ಎದುರು ಮನೆಯವರ ಹತ್ತಿರ ಇರುತ್ತದೆ, ಬೆಳಿಗ್ಗೆ ಅವರೇ ತೆಗೆಯುತ್ತಾರೆ, ರಾತ್ರಿ ಹಾಕುತ್ತಾರೆ. ಅಲ್ಲಿ ಪಾರ್ಕು ಬದುಕಿದೆ. ಪಾರ್ಕಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಯೋಕೆ 1985ರ ರಾಜ್ಯ ಕಾಯ್ದೆಯೊಂದಿದೆ. ಅಲ್ಲಿ ಏನಾದರೂ ಕಟ್ಟಡ ಏಳುತ್ತಿದ್ದರೆ ಅರ್ಜಿಯಲ್ಲಿ ಅದನ್ನು ನಮೂದಿಸಿ.

ಪಕ್ಕದ ಖಾಲಿ ಸೈಟು ಕಸದ ಕೊಂಪೆ ಆಗಿದೆ. ಡೆಂಗಿ ಬರೋದು ಅಲ್ಲಿಂದಾನೇ ತಾನೇ?

ಪೂರ್ತಿ ಅಲ್ಲ. ಡೆಂಗಿ ಸೊಳ್ಳೆಗೆ ಚರಂಡಿಯ ಕೊಳಚೆಗಿಂತ ನಿಂತ ತಿಳಿನೀರು ಇಷ್ಟ. ಖಾಲಿ ಸೈಟಿಗೆ ಎಸೆದ ಎಳನೀರು ಚಿಪ್ಪು, ಪ್ಲಾಸ್ಟಿಕ್ ಲೋಟ, ಹಳೇ ಟೈರು ಎಲ್ಲಾ ತೊಟ್ಟಿಲೇ. ಅಷ್ಟೇ ತೊಟ್ಟಿಲು ನಿಮ್ಮ ತಾರಸಿಯ ಹೂಕುಂಡದ ತಟ್ಟೆಯಲ್ಲೂ, ಫ್ರಿಜ್ಜಿನ ಹಿಂದಿನ ಟ್ರೇಯಲ್ಲೂ ಇದೆ. ತೋಟದವರ ಮನೆಯಾದರೆ ಬಿದ್ದ ಅಡಿಕೆ ಹಾಳೆ. ಅದು ದೋಣಿಯ ಹಾಗೆ ನೀರು ಹಿಡಿದುಕೊಂಡು ಕೂತಿರುತ್ತದೆ. ಮಗುಚಿ ಹಾಕಿ. ಮೊಟ್ಟೆಯಿಂದ ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಬೇಕು. ಸುಮ್ನೆ ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಒಳಮೈ ತಿಕ್ಕಬೇಕು. ಮೊಟ್ಟೆ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸಿಕ್ಕಾಗ ಒಡೆಯುತ್ತದೆ.

ಖಾಲಿ ಸೈಟಿನ ಇನ್ನೆರಡು ಕಾಟ ಇವೆ. ಕಾಂಗ್ರೆಸ್ ಗಿಡ ಹೂ ಬಿಟ್ಟರೆ ಕೆಲವರಿಗೆ ಮೈ ತುರಿಕೆ, ಉಬ್ಬಸ. ಹೂ ಬಿಡುವ ಮೊದಲೇ ಕೀಳಬೇಕು, ಬರಿಗೈಲಿ ಬೇಡ. ಮತ್ತೆ ಕಸಕ್ಕೆ ಬೆಂಕಿ. ಪ್ಲಾಸ್ಟಿಕ್ ಸುಟ್ಟ ಹೊಗೆಗಿಂತ ಕಸವೇ ವಾಸಿ.

ಮಳೆಗಾಲ ಬಂದ್ರೆ ಗೋಡೆ ತುಂಬಾ ಬೂಷ್ಟು, ಮಗಳಿಗೆ ಉಬ್ಬಸ. ಇದಕ್ಕೂ ಬಡಾವಣೆಗೂ ಸಂಬಂಧ ಇದ್ಯಾ?

ಇದೆ. ತೇವದ ಮನೆಯಲ್ಲಿ ಆಸ್ತಮಾ, ಕೆಮ್ಮು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ತಂದಿದೆ. 30×40 ಸೈಟಿನಲ್ಲಿ ಸುತ್ತ ಬಿಡಬೇಕಾದ ಜಾಗವನ್ನು ಎರಡೂ ಕಡೆಯವರು ನುಂಗಿದರೆ ಗೋಡೆಗಳ ನಡುವೆ ಒಂದಡಿ ಸಂದಿ ಉಳಿಯುತ್ತದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಗಾಳಿ ಆಡುವುದಿಲ್ಲ. ಬಣ್ಣ ಎಷ್ಟು ಸಲ ಹೊಡೆಸಿದರೂ ಆಗಸ್ಟ್‌ಗೆ ಬೂಷ್ಟು ಹಾಜರು. ವಾಟರ್‌ಪ್ರೂಫ್ ಪೇಂಟಿಗೆ ಸುರಿಯುವ ದುಡ್ಡಲ್ಲಿ ಗೋಡೆ ಮೇಲೆ ಎರಡಡಿ ಸಜ್ಜಾ ಚಾಚಿಸಿ, ಎದುರುಬದುರು ಕಿಟಕಿ ಬಿಡಿಸಿ. ಹಳೇ ಮಲೆನಾಡ ಮನೆ ಮಾಡು ತಗ್ಗಿ ಬಂದು ಗೋಡೆಯನ್ನು ಕಾಯುತ್ತಿದ್ದದ್ದು ಇದಕ್ಕೇ. ಅಲ್ಲೂ ಎಲ್ಲ ಸರಿ ಇತ್ತು ಅಂತಲ್ಲ. ಕತ್ತಲೆ ಅಡುಗೆಮನೆಯ ಸೌದೆ ಹೊಗೆ ಎಷ್ಟೋ ಅಜ್ಜಿಯಂದಿರ ಎದೆ ಹಾಳು ಮಾಡಿದೆ.

## ಮನಸ್ಸು, ನೆರೆಹೊರೆ

ಜಗಲಿ ಹೋಗಿ ಕಾಂಪೌಂಡ್ ಬಂತು ಅಂತ ಎಲ್ಲಾ ಗೋಳಾಡ್ತಾರೆ. ನಿಜವಾಗ್ಲೂ ಆರೋಗ್ಯಕ್ಕೆ ಏನಾದ್ರೂ ಆಗುತ್ತಾ, ಅಥವಾ ಸುಮ್ನೆ ಹಳೇ ನೆನಪಾ?

ಎರಡೂ ಇದೆ. ಪ್ರಪಂಚದಲ್ಲಿ ಆರರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಕೊಟ್ಟಿತು. ಹೃದಯದ ಕಾಯಿಲೆ, ಪಾರ್ಶ್ವವಾಯು, ಖಿನ್ನತೆ ಎಲ್ಲಕ್ಕೂ ಅದು ನಂಟು.

ಜಗಲಿಯ ಗುಟ್ಟು ಅದರ ಎತ್ತರದಲ್ಲಿದೆ. ಎರಡಡಿ ಎತ್ತರದಲ್ಲಿ ಕೂತವರ ಕಣ್ಣು, ಬೀದಿಯಲ್ಲಿ ನಡೆಯುವವರ ಕಣ್ಣು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತದೆ. 'ಊಟ ಆಯ್ತಾ?' ಅನ್ನೋಕೆ ಎದ್ದು ನಿಲ್ಲಬೇಕಿಲ್ಲ. ಒಳಗೆ ಕರೆಯಬೇಕಿಲ್ಲ, ಕಾಫಿ ಮಾಡಬೇಕಿಲ್ಲ. ಖರ್ಚಿಲ್ಲದ ಮಾತುಕತೆ. ಆರಡಿ ಕಾಂಪೌಂಡ್ ಎದ್ದ ಮೇಲೆ ಪಕ್ಕದವರನ್ನು ನೋಡಬೇಕಾದರೆ ಬೆಲ್ ಒತ್ತಬೇಕು, ಬೆಲ್ ಒತ್ತೋಕೆ ಕಾರಣ ಬೇಕು.

ಆದರೆ ಹಳೇ ಕೇರಿಯನ್ನು ಸ್ವರ್ಗ ಮಾಡುವುದು ಬೇಡ. ಆ ಜಗಲಿ ಮೇಲೆ ಎಲ್ಲ ಜಾತಿಯವರೂ ಕೂರುವಂತಿರಲಿಲ್ಲ. ಕೆಲವರು ಅಂಗಳದ ಅಂಚಿನಲ್ಲೇ ನಿಲ್ಲಬೇಕಿತ್ತು. ಹೊಸದಾಗಿ ಕಟ್ಟೆ ಕಟ್ಟುವುದಾದರೆ ಗೇಟಿನ ಹೊರಗೆ, ಬೀದಿಗೆ ಸೇರಿದ ಹಾಗೆ ಕಟ್ಟಿ. ಸಿಲಿಂಡರ್ ಹೊತ್ತು ತಂದ ಹುಡುಗನೂ ಕೇಳದೆ ಕೂರಬೇಕು.

ಸಂಜೆ ಏಳರ ಮೇಲೆ ಮಗಳನ್ನ ಟ್ಯೂಷನ್‌ನಿಂದ ಒಬ್ಳೇ ಬಾ ಅನ್ನೋಕೆ ಭಯ. ಸಿಸಿ ಕ್ಯಾಮೆರಾ ಹಾಕಿಸಿದ್ರೆ?

ಕ್ಯಾಮೆರಾ ಆದದ್ದನ್ನು ತೋರಿಸುತ್ತದೆ. ಆಗದಂತೆ ತಡೆಯುವುದು ಹೆಚ್ಚಾಗಿ ಜನರ ಕಣ್ಣು. ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ 1961ರಲ್ಲೇ ಇದನ್ನು ಬಿಡಿಸಿ ಹೇಳಿದರು: ಬೀದಿ ಕಡೆಗೆ ತೆರೆದ ಕಿಟಕಿ, ಬಾಗಿಲು ತೆಗೆದಿರುವ ಅಂಗಡಿ, ಓಡಾಡುವ ಜನ. ಬೀದಿದೀಪ ಇದ್ದರೆ ಮಾತ್ರ ಸಾಲದು, ಅದು ಮರದ ಕೊಂಬೆಯ ಕೆಳಗೆ ಬೆಳಗಬೇಕು. ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಅನ್ನುವ ಕಿರು ಓಣಿಗಳು ಇರುತ್ತವಲ್ಲ, ಅವನ್ನು ಓಡಾಡುವ ದಾರಿ ಮಾಡಿದರೂ ಎಲ್ಲ ಮನೆಯ ಬೆನ್ನೇ ಅತ್ತ ಕಡೆ ಇದ್ದರೆ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ಮೂಲೆಯಲ್ಲೊಂದು ಟೀ ಅಂಗಡಿ ಬಂದರೆ ಚಿತ್ರ ಬದಲಾಗುತ್ತದೆ. ಟೀ ಅಂಗಡಿಯಲ್ಲಿ ಬರೀ ಗಂಡಸರೇ ನಿಂತಿದ್ದರೆ ಅದೂ ಬದಲಾಗುವುದಿಲ್ಲ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಸರಿಯೇ.

ನಮ್ದು ತೀರ್ಥಹಳ್ಳಿ ಕಡೆ ತೋಟದ ಒಂಟಿ ಮನೆ. ಬಡಾವಣೆನೇ ಇಲ್ಲ. ನಮಗೇನು ಇದೆ ಇದರಲ್ಲಿ?

ಪೇಟೆಯವರು ಅಸೂಯೆ ಪಡುವ ಗಾಳಿ, ಹಸಿರು ನಿಮ್ಮಲ್ಲಿದೆ. ಕೊರತೆ ಇರುವುದು ದಾರಿಯಲ್ಲಿ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಕಾಲುಸಂಕವೇ ನಿಮ್ಮ ಫುಟ್‌ಪಾತು. ಎರಡು ಅಡಿಕೆ ದಬ್ಬೆ ಜೋಡಿಸಿದ ಸಂಕದ ಮೇಲೆ ಬ್ಯಾಗು, ಕೊಡೆ ಹಿಡಿದು ಮಗು ದಾಟಬೇಕು. ಕೈಗೆ ಹಿಡಿಕೆ ಇರುವ, ಜಾರದ ಹಾಸಿನ ಒಂದು ಕಾಲುಸಂಕ ಅಂದರೆ ಶಾಲೆಗೂ ದಾರಿ, ಆಸ್ಪತ್ರೆಗೂ ದಾರಿ. ಊರೊಟ್ಟಿನ ಮೊದಲ ಬೇಡಿಕೆ ಅದೇ ಆಗಲಿ.

ಕಾಡಂಚಿನ ಮನೆಯವರಿಗೆ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಉಣುಗು ಕಚ್ಚಿ ಬರುವುದು. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಜೋರು. ಕಾಡಿನ ತರಗೆಲೆ ತಂದು ಮನೆಗೆ ಅಂಟಿದ ಕೊಟ್ಟಿಗೆಗೆ ಹಾಕುವುದು, ಮೇಯ್ದು ಬಂದ ದನ ಜಗಲಿ ಪಕ್ಕವೇ ಕಟ್ಟುವುದು, ಇವೆರಡನ್ನು ಆ ತಿಂಗಳುಗಳಲ್ಲಿ ದೂರ ಮಾಡಿದರೆ ಒಳ್ಳೆಯದು. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

## ಸ್ವಲ್ಪ ಮುಂದೆ ಹೋಗಿ ಕೇಳಿದವು

ಆರೋಗ್ಯವಾಗಿರೋರು, ದುಡ್ಡಿರೋರು ಒಳ್ಳೆ ಏರಿಯಾ ಸೇರ್ತಾರೆ. ಏರಿಯಾದಿಂದ ಆರೋಗ್ಯ ಬಂತು ಅಂತ ಹೇಗೆ ಹೇಳ್ತೀರಿ?

ಒಬ್ಬ ಎಂ.ಎಸ್ಸಿ. ಹುಡುಗಿ ಕೇಳಿದ ಪ್ರಶ್ನೆ. ಚೆನ್ನಾಗಿದೆ. ಬರೀ ಹೋಲಿಕೆ ಮಾಡಿದರೆ ಈ ಗೊಂದಲ ಬಿಡಿಸೋಕಾಗುವುದಿಲ್ಲ. ಚೀಟಿ ಎತ್ತಿದ ಹಾಗೆ ಜನರನ್ನು ಬೇರೆ ಬೇರೆ ಏರಿಯಾಕ್ಕೆ ಕಳಿಸಿ ನೋಡಬೇಕು. ಅಮೆರಿಕದಲ್ಲಿ ಹಾಗೇ ಮಾಡಿದ್ದಾರೆ. 1994ರಿಂದ 1998ರ ನಡುವೆ ಐದು ನಗರಗಳ ಬಡ ಕುಟುಂಬಗಳಲ್ಲಿ ಕೆಲವರಿಗೆ ಲಾಟರಿ ಮೂಲಕ ಬಡತನ ಕಡಿಮೆ ಇರುವ ಕಡೆ ಬಾಡಿಗೆ ಮನೆ ಹಿಡಿಯೋಕೆ ನೆರವು ಕೊಟ್ಟರು. ಹತ್ತು ಹದಿನೈದು ವರ್ಷ ಬಿಟ್ಟು ಆ ಕುಟುಂಬಗಳ ಹೆಂಗಸರನ್ನು ಪರೀಕ್ಷಿಸಿದರು. ಫಲಿತಾಂಶ 2011ರಲ್ಲಿ ಬಂತು. ನೆರವು ಸಿಕ್ಕವರಲ್ಲಿ ವಿಪರೀತ ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ಕಡಿಮೆ ಇತ್ತು. ನೆರಳೋ, ನೆಮ್ಮದಿಯೋ, ಅಂಗಡಿಯೋ, ಅದರಲ್ಲಿ ಯಾವುದು ಕೆಲಸ ಮಾಡಿತು ಅಂತ ಈ ಪ್ರಯೋಗ ಬಿಡಿಸಿ ಹೇಳುವುದಿಲ್ಲ. ಏರಿಯಾ ಬದಲಾದರೆ ದೇಹ ಬದಲಾಗುತ್ತದೆ ಅನ್ನುವಷ್ಟು ಹೇಳುತ್ತದೆ.

ಭದ್ರಾವತಿ ನ್ಯೂಟೌನ್ ತರ ಮೊದಲೇ ಪ್ಲಾನ್ ಮಾಡಿ ಕಟ್ಟಿದ್ರೆ ಇಷ್ಟೆಲ್ಲಾ ತಲೆನೋವೇ ಇರಲ್ಲ, ಅಲ್ವಾ?

ನ್ಯೂಟೌನ್, ಪೇಪರ್ ಟೌನ್ ನೋಡಿದರೆ ನನಗೂ ಹೊಟ್ಟೆಕಿಚ್ಚು. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1930ರ ದಶಕದ ಕಾಗದ ಕಾರ್ಖಾನೆ ತಮ್ಮ ಕೆಲಸಗಾರರಿಗೆ ಕ್ವಾಟ್ರಸ್ ಕಟ್ಟಿಸಿದವು. ಶಾಲೆ, ಆಸ್ಪತ್ರೆ, ಆಟದ ಮೈದಾನ, ಸಾಲುಮರ ಎಲ್ಲಾ ನಡೆದು ಹೋಗುವಷ್ಟು ದೂರದಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1929ರಲ್ಲಿ, ಅಮೆರಿಕದ ಕ್ಲಾರೆನ್ಸ್ ಪೆರಿ ಎಂಬುವರು ಶಾಲೆಯನ್ನು ನಡುವೆ ಇಟ್ಟು ಸುತ್ತ ಕಾಲು ಮೈಲಿಯಲ್ಲಿ ಬಡಾವಣೆ ಕಟ್ಟಿ ಎಂದು ಬರೆದಿದ್ದರು.

ತೊಡಕು ಒಂದೇ. ಇಡೀ ಊರು ಒಂದು ಕಾರ್ಖಾನೆಯ ಉಸಿರಿನ ಮೇಲೆ ನಿಂತಿತ್ತು. ಕಾರ್ಖಾನೆ ಬಡವಾದಾಗ ಕ್ವಾಟ್ರಸ್ ಖಾಲಿಯಾದವು, ಮೈದಾನಕ್ಕೆ ಗಿಡ ಬೆಳೆಯಿತು. ಮರ ಮಾತ್ರ ಈಗಲೂ ನೆರಳು ಕೊಡುತ್ತಿವೆ.

ಪಾರ್ಕು, ಒಳ್ಳೆ ರಸ್ತೆ ಬಂದ್ರೆ ಬಾಡಿಗೆ ಏರುತ್ತೆ. ನಮ್ಮಂಥ ಬಾಡಿಗೆದಾರರಿಗೆ ಏನ್ ಲಾಭ?

ನಿಜವಾದ ಸಂಕಟ. ಒಂದೇ ಏರಿಯಾ ಮಿಂಚಿಸಿದರೆ ರೇಟು ಅಲ್ಲೇ ಏರುತ್ತದೆ, ಹಳಬರು ಊರಾಚೆ ಹೋಗಬೇಕಾಗುತ್ತದೆ. ನೂರು ಬೀದಿಗೆ ಚಪ್ಪಡಿ, ದೀಪ, ನೆರಳು ಹಂಚಿದರೆ ಯಾವುದೂ ಅಷ್ಟು ವಿಶೇಷ ಅನ್ನಿಸುವುದಿಲ್ಲ. ಹಾಗಾಗಿ ದೊಡ್ಡ ಕಾಮಗಾರಿಗಿಂತ ಚಿಕ್ಕವು ನೂರು ಮೇಲು ಅನ್ನುವ ಪಕ್ಷ ನನ್ನದು.

ಹೊಸ ಸೈಟ್ ತಗೋಬೇಕು. ಏನೇನು ನೋಡ್ಬೇಕು?

ಬ್ರೋಕರ್ ನಿಮ್ಮನ್ನು ಜನವರಿಯ ಬೆಳಿಗ್ಗೆ ಕರೆದುಕೊಂಡು ಹೋಗುತ್ತಾನೆ. ನೀವು ಜುಲೈಯಲ್ಲಿ, ಮಳೆ ಹೊಡೆಯುವಾಗ ಇನ್ನೊಮ್ಮೆ ಹೋಗಿ. ಚರಂಡಿ ಎಲ್ಲಿ ಮುಗಿಯುತ್ತದೆ ನೋಡಿ. ಎಷ್ಟೋ ರೆವಿನ್ಯೂ ಬಡಾವಣೆಗಳಲ್ಲಿ, ಅಂದರೆ ಕೃಷಿ ಜಮೀನನ್ನು ಅನುಮೋದನೆ ಇಲ್ಲದೆ ಸೈಟು ಮಾಡಿದ ಕಡೆ, ಅದು ಪಕ್ಕದ ಗದ್ದೆಯಲ್ಲಿ ಮುಗಿಯುತ್ತದೆ. ಗದ್ದೆಯವರು ನಾಳೆ ಮಣ್ಣು ತುಂಬಿದರೆ ನೀರು ನಿಮ್ಮ ನಡುಮನೆಗೆ. ಸೈಟೇ ಹಿಂದೆ ಗದ್ದೆಯೋ ಕೆರೆಯಂಗಳವೋ ಆಗಿತ್ತಾ ಅಂತ ಊರ ಹಳಬರನ್ನು ಕೇಳಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿದಾಗ ಇಲ್ಲಿವರೆಗೆ ನೀರು ಬಂದಿತ್ತಾ ಅಂತಲೂ ಕೇಳಿ. ನೆರೆಯ ನೀರಿನ ಜೊತೆ ಇಲಿಜ್ವರವೂ ಬರುತ್ತದೆ. ಸಂಜೆ ಏಳಕ್ಕೆ ಒಮ್ಮೆ ಹೋಗಿ ಎಷ್ಟು ಮನೆಯಲ್ಲಿ ದೀಪ ಇದೆ ಎಣಿಸಿ. ಆಮೇಲೆ ಸೈಟಿನಿಂದ ಹಾಲಿನ ಅಂಗಡಿಗೆ ನಡೆದು ನೋಡಿ, ಗಡಿಯಾರ ಹಿಡಿದು. ಹತ್ತು ನಿಮಿಷ ದಾಟಿದರೆ ನೀವು ಬೈಕ್ ತೆಗೆಯುತ್ತೀರಿ.

ಎಲ್ಲಾ ಸರಿ, ಒಬ್ಬನೇ ಏನ್ ಮಾಡೋಕಾಗುತ್ತೆ?

ಅರ್ಜಿ ಕೊಡುವಾಗ 'ನಮ್ಮ ಬಡಾವಣೆ ಅಭಿವೃದ್ಧಿ ಮಾಡಿ' ಅಂತ ಬರೆಯಬೇಡಿ. ಅದು ಕಡತದ ಕೆಳಗೆ ಹೋಗುತ್ತದೆ. 'ಎರಡನೇ ತಿರುವಿನಲ್ಲಿ, ಇಂಥ ಕಂಬದ ಪಕ್ಕ, ಮೂರು ಚಪ್ಪಡಿ ಒಡೆದಿವೆ' ಅಂತ ಬರೆದು ಫೋಟೋ, ತಾರೀಕು ಹಾಕಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ನಾಲ್ಕು ಮನೆಯವರ ಸಹಿ ಇದ್ದರೆ ಇನ್ನೂ ವಾಸಿ. ಓಡಾಡೋಕೆ ಯೋಗ್ಯವಾದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಆ ಸಾಲನ್ನೂ ಸೇರಿಸಿ.

ಅಮ್ಮನ ದಾರಿಯಲ್ಲಿ ಆಡುತ್ತಿದ್ದ ಆ ಚಪ್ಪಡಿಗಾಗಿ ನಾನು ಎರಡು ಅರ್ಜಿ ಕೊಟ್ಟೆ. ಮೂರನೆಯದು ಬರೆಯೋಕೆ ಕೂತವನು ಪೆನ್ನು ಇಟ್ಟು ನಮ್ಮ ಗಾರೆಯವರನ್ನೇ ಕರೆದೆ. ಎರಡು ಬುಟ್ಟಿ ಮರಳು, ಕಾಲು ಚೀಲ ಸಿಮೆಂಟು, ಚಪ್ಪಡಿಯ ಕೆಳಗೆ ಒಂದು ಚೂರು ಕಲ್ಲು. ಬೆಳಿಗ್ಗೆ ಏಳಕ್ಕೆ ಶುರುವಾಗಿ ತಿಂಡಿ ಹೊತ್ತಿಗೆ ಮುಗಿಯಿತು. ಉಳಿದ ಸಿಮೆಂಟಿನಲ್ಲಿ ಗೇಟಿನ ಹೊರಗೆ ಎರಡು ಕಲ್ಲಿನ ಮೇಲೆ ಒಂದು ಹಳೇ ಚಪ್ಪಡಿ ಕೂರಿಸಿದೆವು. ಅಮ್ಮ ಈಗಲೂ ದೇವಸ್ಥಾನದವರೆಗೆ ಹೋಗುವುದಿಲ್ಲ. ಹೂವಿನ ಅಂಗಡಿವರೆಗೆ ಹೋಗಿ, ಬಂದು ಆ ಕಲ್ಲಿನ ಮೇಲೆ ಐದು ನಿಮಿಷ ಕೂತು, ಒಳಗೆ ಬರುತ್ತಾರೆ. ಹೋದ ವಾರ ಅಲ್ಲಿ ಜಾಗ ಇರಲಿಲ್ಲವಂತೆ, ಸೊಪ್ಪಿನ ಗಾಡಿಯಾಕೆ ಕೂತಿದ್ದಳಂತೆ.